ಹಾಲು ಇಂಗದ ಮರ

ನಾನು ಮರ ಕಡಿಸಿ ಬದುಕಿದವಳು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಮೊನ್ನೆ ನಮ್ಮ ನೆಂಟರ ಪೈಕಿ ಒಬ್ಬರು, ನಾಲ್ಕಕ್ಷರ ಓದಿಕೊಂಡವರು, ನಮ್ಮ ಜಗಲಿಯ ಮರದ ಬೆಂಚಿನ ಮೇಲೆ ಕೂತು, ಮರದ ಕಂಬಕ್ಕೆ ಒರಗಿಕೊಂಡು, ಅಷ್ಟೊಂದು ಮರ ಕಡಿಸಿದ್ದೀರಲ್ಲ, ಪಾಪ ಅನ್ನಿಸುವುದಿಲ್ಲವೇ ಎಂದು ಕೇಳಿದರು. ಗಾಡಿ ಕಟ್ಟಿಸುತ್ತೇನೆ, ನಮ್ಮ ಗುಡ್ಡ ನೋಡಿಕೊಂಡು ಬನ್ನಿ, ಆಮೇಲೆ ಪಾಪದ ಮಾತು ಆಡೋಣ ಎಂದೆ. ಬಿಸಿಲು ಜಾಸ್ತಿ ಎಂದು ಅವರು ಹೋಗಲಿಲ್ಲ.

ಪಾಪ ನಾನೂ ಮಾಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಮರ ಕಡಿಸಿದ್ದಲ್ಲ. ಕಡಿಸಬಾರದ ತಿಂಗಳಲ್ಲಿ ಕಡಿಸಿದ್ದು, ಅದರ ಕೆಟ್ಟ ಹೆಸರು ಇನ್ನೊಬ್ಬರ ತಲೆಗೆ ಸುತ್ತಿಕೊಂಡಾಗ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದು. ಈ ವಯಸ್ಸಿನಲ್ಲಿ ಯಾರ ಹೆದರಿಕೆಯೂ ಇಲ್ಲದ್ದರಿಂದ ಅದನ್ನೇ ಬರೆಯುತ್ತೇನೆ.

ನನ್ನ ಗಂಡನ ಮನೆಯವರದು ಚನ್ನಪಟ್ಟಣದಲ್ಲಿ ರೈಲು ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಮರದ ಡಿಪೋ. ಸೌದೆ ಡಿಪೋ ಅಲ್ಲ. ಬೊಂಬೆ ಮಾಡುವವರಿಗೆ ಹಾಲೆ ಮರ ಒದಗಿಸುವ ಡಿಪೋ. ಊರಿನ ಬೊಂಬೆ ಕೆಲಸವೆಲ್ಲ ಮುಸಲ್ಮಾನರ ಕೇರಿಯದು. ಕಮಾನು ಎಳೆದು ತಿರುಗಿಸುವ ತಿರುಗಣೆಯ ಮುಂದೆ ನೆಲದ ಮೇಲೆ ಕೂತು, ಮರದ ತುಂಡನ್ನು ಉಳಿಯಿಂದ ಕೆತ್ತಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ತಾಳೆಗರಿಯಲ್ಲಿ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು ಬರುತ್ತದೆ. ಅವರ ಕೈಯ ಕೆಲಸ ಅದು. ಆ ಕೈಗೆ ಸರಿಯಾದ ಮರ ಕೊಡುವುದು ನಮ್ಮ ಕೆಲಸ.

ಹಾಲೆ ಮರ ಬಲು ಸೂಕ್ಷ್ಮದ್ದು. ಒಣಗಿದರೆ ದಂತದ ಹಾಗೆ ಬಿಳುಪು, ನಯ. ಆದರೆ ತೊಗಟೆ ಗೀರಿದರೆ ಹಾಲು ಸುರಿಸುವ ಜಾತಿ. ಪುಷ್ಯ ಕಳೆದು ಎಲೆ ಉದುರುವಾಗ ಆ ಹಾಲು ಇಂಗುತ್ತದೆ. ಅಲ್ಲಿಂದ ಶಿವರಾತ್ರಿಯೊಳಗೆ ಆ ವರ್ಷಕ್ಕೆ ಬೇಕಾದ ಮರವನ್ನೆಲ್ಲ ಕಡಿದು ಮುಗಿಸಬೇಕು. ಚಿಗುರು ಬಂತೋ, ಮುಗಿಯಿತು, ಮತ್ತೆ ಮುಂದಿನ ವರ್ಷ. ಕಡಿಯುವ ಮುಂಚೆ ಪ್ರತಿ ಮರಕ್ಕೂ ಹೆಬ್ಬೆರಳಿನ ಉಗುರಷ್ಟು ತೊಗಟೆ ಎಬ್ಬಿಸಿ ನೋಡುವುದು ನಮ್ಮ ಮಾವನ ಕಾಲದಿಂದ ಬಂದ ಪದ್ಧತಿ. ಅದಕ್ಕೆ ನಮ್ಮಲ್ಲಿ ಹಾಲು ಕೇಳುವುದು ಅನ್ನುತ್ತಿದ್ದರು. ಹಾಲು ತೊಟ್ಟಿಕ್ಕಿದರೆ ಗಾಯಕ್ಕೆ ಮಣ್ಣು ಮೆತ್ತಿ, ಕೊಡಲಿ ಹೆಗಲಿಗೆ ಹಾಕಿಕೊಂಡು ಮುಂದಿನ ಮರಕ್ಕೆ ಹೋಗಬೇಕು. ಕಡಿಯುವುದಾದರೂ ಮೊಣಕಾಲೆತ್ತರ ಬಿಟ್ಟು, ಮಳೆನೀರು ಜಾರಿ ಹೋಗುವಂತೆ ಓರೆಯಾಗಿ ಕಡಿಯಬೇಕು. ಹಾಗೆ ಕಡಿದ ಬೊಡ್ಡೆ ಚೈತ್ರದಲ್ಲಿ ಸುತ್ತಲೂ ಕುಡಿ ಹೊಡೆಯುತ್ತದೆ. ಎರಡು ಒಳ್ಳೆಯ ಕುಡಿ ಬಿಟ್ಟು ಉಳಿದದ್ದು ಸವರಿದರೆ, ಕೆಲವು ವರ್ಷದಲ್ಲಿ ಅವೇ ಮತ್ತೆ ಮರ.

ನಮ್ಮ ಗುಡ್ಡ ಇರುವುದು ಅಕ್ಕೂರು ದಾಟಿ ಸಾತನೂರಿನ ಕಡೆಗೆ ಹೋಗುವಾಗ. ಮಾವ ಅದನ್ನು ಪಾಲು ಪಾಲಾಗಿ ಗುರುತು ಮಾಡಿದ್ದರು. ಈ ವರ್ಷ ಕಡಿದ ಪಾಲಿಗೆ ಮತ್ತೆ ಕೊಡಲಿ ಹೋಗುವ ಹೊತ್ತಿಗೆ ಅಲ್ಲಿಯ ಕುಡಿಗಳು ತೊಡೆಗಾತ್ರ ಆಗಿರಬೇಕು. ಯಾರೂ ಅವರಿಗೆ ಇದನ್ನು ಪುಸ್ತಕದಲ್ಲಿ ಹೇಳಿಕೊಟ್ಟಿರಲಿಲ್ಲ. ಗುಡ್ಡ ಮುಗಿದರೆ ಡಿಪೋ ಮುಗಿಯಿತು, ಡಿಪೋ ಮುಗಿದರೆ ಒಂದು ಕೇರಿಯ ತಿರುಗಣೆಗಳೆಲ್ಲ ನಿಲ್ಲುತ್ತವೆ ಅನ್ನುವಷ್ಟು ಲೆಕ್ಕ ಅವರಿಗೆ ಗೊತ್ತಿತ್ತು.

ಪ್ಲೇಗಿನ ಒಂದು ವರ್ಷ ನನ್ನ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ಹದಿನೈದು ದಿನ ಅತ್ತು, ಹದಿನಾರನೆಯ ದಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಡಿಪೋಗೆ ಹೋಗಿ ಕೂತೆ. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ನನ್ನ ಗಂಡನ ತಮ್ಮ, ಅಂದರೆ ನನ್ನ ಮೈದುನ, ಆಗಲೇ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಎಂದು ಓಡಾಡುತ್ತಿದ್ದ. ಗುಡ್ಡ ಬೋಳಿಸಿ ನೇರಳೆ ಕಡ್ಡಿ ನೆಡಬೇಕು ಎಂಬುದು ಅವನ ಬಹುದಿನದ ಆಸೆ. ಬೀಗದ ಕೈ ತನಗೆ ಬರಬೇಕೆಂದು ಕುಲದ ಹಿರಿಯರನ್ನು ಕೂಡಿಸಿದ. ಗುಡ್ಡದ ಪಾಲು ಯಾವುದು, ಯಾವ ಪಾಲಿಗೆ ಎಷ್ಟು ವಯಸ್ಸು ಎಂದು ಹಿರಿಯರು ಅವನನ್ನು ಕೇಳಿದರು. ಅವನು ತಲೆ ಕೆರೆದುಕೊಂಡ. ನಾನು ಒಂದೊಂದಾಗಿ ಹೇಳಿದೆ. ಗಂಡನ ಜೊತೆ ಎಷ್ಟೋ ವರ್ಷ ಬುತ್ತಿ ಹೊತ್ತು ಆ ಗುಡ್ಡ ಹತ್ತಿದವಳು ನಾನು. ಹಿರಿಯರು ಯೋಚನೆ ಮಾಡಿ, ಸದ್ಯಕ್ಕೆ ಇವಳೇ ನಡೆಸಲಿ, ಆದರೆ ಡಿಪೋ ಹೆಸರು ಕೆಟ್ಟರೆ ಅವತ್ತೇ ಬೀಗದ ಕೈ ಮೈದುನನಿಗೆ ಎಂದು ತೀರ್ಮಾನ ಮಾಡಿದರು. ಆ ಮಾತು ನನ್ನ ಕುತ್ತಿಗೆಗೆ ಕಟ್ಟಿದ ಕಲ್ಲಾಯಿತು.

ಮೊದಲನೆಯ ವರ್ಷವೇ ಎಡವಿದೆ. ಗಂಡನ ಕಾಯಿಲೆಯ ಗಲಾಟೆಯಲ್ಲಿ ಮಾಘದಲ್ಲಿ ಕಡಿಸಿದ್ದು ಕಡಿಮೆ. ಆಷಾಢ ಬರುವ ಹೊತ್ತಿಗೆ ಡಿಪೋದಲ್ಲಿ ಒಣಮರ ತಳ ಕಂಡಿತ್ತು. ಕೇರಿಯವರು ಬಂದು ಬರಿಗೈಯಲ್ಲಿ ವಾಪಸು ಹೋಗುತ್ತಿದ್ದರು. ಮೈದುನ ದಿನಾ ಬಂದು ಖಾಲಿ ಡಿಪೋ ನೋಡಿ, ಏನತ್ತಿಗೆಮ್ಮ, ಇಲ್ಲಿ ದನ ಕಟ್ಟಬಹುದಲ್ಲ ಎಂದು ನಗುತ್ತಿದ್ದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಗಾಡಿ ಕಟ್ಟಿಸಿಕೊಂಡು ಗುಡ್ಡಕ್ಕೆ ಹೋದೆ.

ನಮ್ಮ ಮರ ಕಡಿಯುತ್ತಿದ್ದವನು ಅಕ್ಕೂರಿನ ಒಬ್ಬ ಮುದುಕ. ಮಾವನ ಕಾಲದಿಂದಲೂ ಅವನೇ. ಕಡಿ ಎಂದೆ. ಅವನು ಒಂದು ಮರದ ತೊಗಟೆ ಎಬ್ಬಿಸಿದ. ಹಾಲು ಅವನ ಬೆರಳಿನ ಮೇಲಿಂದ ಹರಿದು ಮುಂಗೈಗೆ ಇಳಿಯಿತು. ನೋಡಿದ್ರಾ ಎಂಬಂತೆ ನನ್ನ ಮುಖ ನೋಡಿದ. ನೋಡಿದೆ, ಆದರೂ ಕಡಿ ಎಂದೆ. ಅವನು ಗಾಯಕ್ಕೆ ಮಣ್ಣು ಮೆತ್ತಿ, ಕೈ ಒರೆಸಿಕೊಂಡ.

"ನಿಮ್ ಮಾವ್ನೋರು ಇದ್ದಿದ್ರೆ ನನ್ ಕೈ ಕಡೀತಿದ್ರು ಕಣವ್ವ. ನಾ ಬತ್ತೀನಿ," ಎಂದವನೇ ಕೊಡಲಿ ಹೊತ್ತು ಗುಡ್ಡ ಇಳಿದುಬಿಟ್ಟ.

ನಾನು ಹಟಮಾರಿ. ಮಾರನೆಯ ದಿನ ಸಾತನೂರಿನಿಂದ ಕೂಲಿಯವರನ್ನು ಕರೆಸಿ ಒಂದು ಮೂಲೆಯನ್ನು ಕಡಿಸಿಬಿಟ್ಟೆ. ಅವರಿಗೆ ಓರೆ ಗೊತ್ತಿಲ್ಲ, ಎತ್ತರ ಗೊತ್ತಿಲ್ಲ. ನೆಲಕ್ಕೆ ಸಮನಾಗಿ ಉರುಳಿಸಿದರು. ಮರ ತಂದು, ತೊಗಟೆ ಸುಲಿಸಿ, ಹೊಟ್ಟಿನ ಹೊಗೆ ಹಾಕಿ ಒಣಗಿಸಿದೆ. ಮೇಲುನೋಟಕ್ಕೆ ಒಣಗಿದ ಹಾಗೇ ಕಾಣುತ್ತಿತ್ತು. ಅದನ್ನು ಕೇರಿಯ ಉಸ್ತಾದರಿಗೆ ಮಾರಿದೆ.

ಉಸ್ತಾದರು ಎಂದರೆ ಆ ಕೇರಿಯಲ್ಲಿ ಎಲ್ಲರಿಗಿಂತ ಹಿರಿಯ ಕೈ. ಅವರ ಅಂಗಳದಲ್ಲಿ ಅಣ್ಣತಮ್ಮಂದಿರು, ಅಳಿಯಂದಿರು ಎಲ್ಲರ ತಿರುಗಣೆಗಳೂ ಸಾಲಾಗಿ ಇದ್ದವು. ಅವರ ಅರಗಿನ ಕೆಲಸ ಮೊಮ್ಮಕ್ಕಳ ಕಾಲದವರೆಗೆ ಮಾಸುವುದಿಲ್ಲ ಎಂದು ಮೈಸೂರಿನ ಅಂಗಡಿಯವರು ಹೆಸರು ಹಿಡಿದು ಕೇಳುತ್ತಿದ್ದರು. ನನ್ನ ಮರವನ್ನು ಅವರು ಕೈಯಲ್ಲಿ ಹಿಡಿದು ತೂಗಿದರು, ಒಮ್ಮೆ ನನ್ನ ಕಡೆ ನೋಡಿದರು, ಗಾಡಿಗೆ ಹಾಕಿಸಿಕೊಂಡು ಹೋದರು.

ಭಾದ್ರಪದದ ಹೊತ್ತಿಗೆ ಸುದ್ದಿ ಬಂತು. ಉಸ್ತಾದರ ಬೊಂಬೆಗಳ ಬಣ್ಣ ಸುಲಿಯುತ್ತಿದೆ. ಒಳಗಿನ ಹಾಲು ಆರದ ಮರದ ಮೇಲೆ ಅರಗು ಹಚ್ಚಿದರೆ ಒಳಗಿನ ಪಸೆಗೆ ದಾರಿಯಿಲ್ಲ. ಅದು ಬಣ್ಣವನ್ನೇ ಎಬ್ಬಿಸಿ ಹೊರಗೆ ಬರುತ್ತದೆ. ಸುಟ್ಟ ಗಾಯದ ಚರ್ಮ ಏಳುವ ಹಾಗೆ ಏಳುತ್ತದೆ. ಇದು ನನಗೆ ಗೊತ್ತು, ಅಂಗಡಿಯವರಿಗೆ ಏನು ಗೊತ್ತು? ಉಸ್ತಾದ್ ಅರಗಿಗೆ ಅಗ್ಗದ ರಾಳ ಬೆರೆಸಿದ್ದಾನೆ, ಮುದುಕನಿಗೆ ಆಸೆ ಜಾಸ್ತಿಯಾಯಿತು ಎಂದರು. ಮೈಸೂರಿನ ಅಂಗಡಿಗಳು ಅವರ ಕೈಬಿಟ್ಟವು. ಕೆಂಗಲ್ ಹನುಮಂತರಾಯನ ಗುಡಿಗೆ ಹೋದಾಗ ಅಲ್ಲಿಯೂ ಇದೇ ಮಾತು. ನನ್ನ ಪಕ್ಕದಲ್ಲೇ ನಿಂತು ಇಬ್ಬರು ಹೆಂಗಸರು ಉಸ್ತಾದರನ್ನು ಮೋಸಗಾರ ಎಂದರು. ನಾನು ತೀರ್ಥ ತೆಗೆದುಕೊಂಡು ಸುಮ್ಮನೆ ಹೊರಗೆ ಬಂದೆ.

ಬಾಯಿ ಬಿಟ್ಟರೆ ಬೀಗದ ಕೈ ಹೋಗುತ್ತದೆ, ಬೀಗದ ಕೈ ಹೋದರೆ ಮೈದುನ ಗುಡ್ಡ ಬೋಳಿಸುತ್ತಾನೆ, ಆದ್ದರಿಂದ ನಾನು ಸುಮ್ಮನಿರುವುದು ಗುಡ್ಡದ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ಚಂದದ ನೆಪ ನೋಡಿ. ಅಸಲಿಗೆ ನನಗೆ ಹೆದರಿಕೆ, ಅಷ್ಟೇ.

ಮುಂದಿನ ಚೈತ್ರದಲ್ಲಿ ಗುಡ್ಡದ ಆ ಮೂಲೆಯ ಬೊಡ್ಡೆಗಳಲ್ಲಿ ಒಂದೂ ಕುಡಿ ಏಳಲಿಲ್ಲ. ಮಳೆನೀರು ನಿಂತು, ಕೊಳೆತು, ಅಣಬೆ ಎದ್ದು, ಗೆದ್ದಲು ಹಿಡಿದಿತ್ತು. ಸುತ್ತಲೂ ಹಸಿರು, ನಡುವೆ ಆ ಜಾಗ ಮಾತ್ರ ಸುಡುಗಾಡು. ಅಲ್ಲಿ ಕೂತು ನಾನು ಗಂಡ ಸತ್ತಾಗಲೂ ಅಳದಷ್ಟು ಅತ್ತೆ. ಆಮೇಲೆ ಅಕ್ಕೂರಿನ ಮುದುಕನ ಮನೆ ಬಾಗಿಲಿಗೆ ಹೋಗಿ, ತಪ್ಪಾಯಿತು, ಬಾ ಎಂದು ಕರೆದೆ. ಮೂರು ದಿನ ಸತಾಯಿಸಿ ಬಂದ. ಅಲ್ಲಿಂದಾಚೆಗೆ ಅವನು ಹಾಲು ಕೇಳಿ ಸರಿ ಅಂದರೆ ಸರಿ, ಬೇಡ ಅಂದರೆ ಬೇಡ.

ನಾಲ್ಕನೆಯ ವರ್ಷ ಆಷಾಢದಲ್ಲಿ ಬೆಂಗಳೂರು ದಂಡಿನಿಂದ ಒಬ್ಬ ಏಜೆಂಟ್ ರೈಲಿನಲ್ಲಿ ಬಂದಿಳಿದ. ಕೋಟು, ಜರಿಪೇಟ, ಕೈಯಲ್ಲಿ ಛತ್ರಿ. ದಸರಾಕ್ಕೆ ಬೊಂಬೆ ಕೂರಿಸುವ ಮನೆಗಳಿಗೆ, ದಂಡಿನ ದೊರೆಗಳ ಮಕ್ಕಳಿಗೆ ದೊಡ್ಡ ದೊಡ್ಡ ಬೊಂಬೆ ಬೇಕು, ಪೆಟ್ಟಿಗೆಗಟ್ಟಲೆ ಬೇಕು, ನವರಾತ್ರಿಯೊಳಗೆ ಬೇಕು ಎಂದ. ಕೇರಿಗೆಲ್ಲ ಹಬ್ಬವೇ ಬಂದ ಹಾಗಾಯಿತು. ಕೇರಿಯವರು ಅವನಿಗೆ ಮೊದಲು ಹೇಳಿದ ಹೆಸರು ಉಸ್ತಾದರದೇ. ಕೆಟ್ಟ ಹೆಸರಿನಲ್ಲಿ ಮೂರು ವರ್ಷ ಕಷ್ಟಪಟ್ಟ ಮನುಷ್ಯ, ಈ ಒಂದು ಕೆಲಸ ಸರಿಯಾಗಿ ಮಾಡಿಕೊಟ್ಟರೆ ಹೆಸರು ವಾಪಸು ಬರುತ್ತಿತ್ತು.

ಏಜೆಂಟ್ ನೇರ ನನ್ನ ಡಿಪೋಗೆ ಬಂದ. ಇದ್ದ ಒಣಮರ ತೋರಿಸಿದೆ. ದೊಡ್ಡ ಬೊಂಬೆಗೆ ಅದು ಸಾಲುವಂತಿರಲಿಲ್ಲ. ನಿಮ್ಮ ಗುಡ್ಡದಲ್ಲಿ ಮರ ನಿಂತಿದೆಯಂತಲ್ಲ, ನಾಳೆಯೇ ಕಡಿಸಿ ಎಂದ. ಈಗ ಮರದಲ್ಲಿ ಹಾಲಿದೆ, ಮಾಘಕ್ಕೆ ಬನ್ನಿ ಎಂದೆ. ಅವನು ಛತ್ರಿ ಊರಿ ನಿಂತು, ಮಗುವಿಗೆ ಹೇಳುವವನ ಹಾಗೆ ನಕ್ಕ.

"ಅಮ್ಮಾ, ವ್ಯಾಪಾರ ಅನ್ನೋದು ಮಳೆ ಬಿಸಿಲು ನೋಡ್ಕೊಂಡು ಕೂರೋದಿಲ್ಲ."

"ನಂದು ಅದನ್ನೇ ನೋಡ್ಕಂಡು ಕುಂತಿರೋ ವ್ಯಾಪಾರ ಸ್ವಾಮಿ," ಎಂದೆ. "ನಿಮಗೆ ಆತುರ ಇದ್ರೆ ಮಣ್ಣಿನ ಬೊಂಬೆ ಮಾಡಿಸ್ಕಳಿ."

ಅವನ ಮುಖ ಕೆಂಪಾಯಿತು. ಹೆಂಗಸಿನ ಹತ್ತಿರ ವ್ಯವಹಾರಕ್ಕೆ ಬಂದದ್ದೇ ತಪ್ಪು ಎಂದು ಹೊರಟ. ಹೋಗುವಾಗ ಮೈದುನನ ಮನೆ ದಾರಿ ಕೇಳಿಕೊಂಡು ಹೋದ.

ಸಾಯಂಕಾಲ ಉಸ್ತಾದರು ಬಂದರು. ಡಿಪೋದ ಹೊರಗೇ ನಿಂತರು. ಅವರ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದು ನನಗೆ ಅಷ್ಟು ವರ್ಷದಿಂದ ಕಷ್ಟವಾಗಿತ್ತು. ಒಸಿ ಮರ ಕಡಿಸಿಕೊಡಿ, ನಾನು ಹೊಗೆ ಹಾಕಿ, ನೆರಳಲ್ಲಿಟ್ಟು ಹೇಗೋ ಸರಿ ಮಾಡಿಕೊಳ್ಳುತ್ತೇನೆ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಇರುವ ಒಣಮರದಲ್ಲಿ ಬುಗುರಿ, ಗಿಲಕಿ, ತೊಟ್ಟಿಲಿಗೆ ಕಟ್ಟುವ ಗಿಳಿ, ಇಂಥ ಸಣ್ಣ ಸಾಮಾನು ಮಾಡಿಕೊಡಿ, ಅಷ್ಟೇ ಮರಕ್ಕೆ ಬೊಂಬೆಗಿಂತ ಅವೇ ಜಾಸ್ತಿ ಆಗುತ್ತವೆ ಎಂದೆ. ಏಜೆಂಟ್ ಒಪ್ಪುವುದಿಲ್ಲ, ಅವನಿಗೆ ಮೊಳದುದ್ದದ ರಾಜ ರಾಣಿಯೇ ಬೇಕಂತೆ ಎಂದರು. ಹಾಗಾದರೆ ನನ್ನ ಕೈಲಿ ಇಲ್ಲ ಎಂದೆ.

ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿಮ್ ಮರ ನಿಂತ್ಕಂಡಿದ್ರೆ ಬೆಳೀತದೆ ಅಮ್ಮಾ," ಎಂದರು. "ನಮ್ ತಿರುಗಣೆ ನಿಂತ್ರೆ ಒಲೆ ನಿಂತೋಯ್ತದೆ."

 ಕಡಿಸಿಕೊಡುತ್ತೇನೆ ಎಂದು ನಾಲಿಗೆ ತುದಿಗೆ ಬಂದಿತ್ತು. ಕೊಳೆತ ಬೊಡ್ಡೆಗಳು ಕಣ್ಣ ಮುಂದೆ ಬಂದವು. ಹಲ್ಲು ಕಚ್ಚಿಕೊಂಡು ಮತ್ತೆ ಇಲ್ಲ ಎಂದೆ. ಅವರು ಸಲಾಮು ಕೂಡ ಹೇಳದೆ ಹೋದರು.

ಏಜೆಂಟ್ ಬಿಡುವ ಆಸಾಮಿಯಲ್ಲ. ಕನಕಪುರದ ಕಡೆ ಒಬ್ಬ ಗುತ್ತಿಗೆದಾರನನ್ನು ಹಿಡಿದು, ಯಾರದೋ ಹಿಡುವಳಿಯ ಇಳಿಜಾರೊಂದನ್ನು ಪೂರ್ತಿ ಕಡಿಸಿದ. ಅವೆಲ್ಲ ಹಾಲೆ ಮರಗಳೇ. ಶ್ರಾವಣದಲ್ಲಿ ಆ ಮರ ಹೊತ್ತ ಗಾಡಿಗಳು ಉಸ್ತಾದರ ಅಂಗಳಕ್ಕೆಂದು ಬಂದವು. ಬೇರೆ ದಾರಿ ಇದ್ದರೂ ಬೇಕೆಂದೇ ನನ್ನ ಡಿಪೋ ಮುಂದೆ ಹಾಯಿಸಿದರು. ಕಡಿದ ತುದಿಗಳಿಂದ ಇನ್ನೂ ಹಾಲು ಸೋರುತ್ತಿತ್ತು. ಗಾಡಿ ಹೋದ ಮೇಲೆ ರಸ್ತೆಯುದ್ದಕ್ಕೂ ಬಿಳಿ ಹನಿಗಳು. ನಾನು ಬಾಗಿಲಲ್ಲಿ ನಿಂತು ಎಲ್ಲ ಗಾಡಿಗಳನ್ನೂ ನೋಡಿದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರೆ ಅವರಿಗೆ ಖುಷಿಯಾಗುತ್ತಿತ್ತು, ಅದಕ್ಕೇ ಹೋಗಲಿಲ್ಲ.

ಅದಾದ ಮೇಲೆ ಡಿಪೋ ಕಡೆ ನರಪಿಳ್ಳೆ ಸುಳಿಯಲಿಲ್ಲ. ಕೇರಿಯ ಹೆಂಗಸರು ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಅವರ ಹೊಟ್ಟೆಯ ಮೇಲೆ ಹೊಡೆಯಲು ನೋಡಿದವಳು ನಾನು ತಾನೇ. ಮೈದುನ ಮಾತ್ರ ದಿನಾ ಬಂದ. ಮುಂದಿನ ಯುಗಾದಿಗೆ ಗುಡ್ಡದಲ್ಲಿ ನೇರಳೆ ಕಡ್ಡಿ ನೆಡುತ್ತೇನೆ, ಏಜೆಂಟರು ನಿಂತ ಮರಗಳನ್ನೆಲ್ಲ ಒಟ್ಟಿಗೆ ಕೊಳ್ಳಲು ಒಪ್ಪಿದ್ದಾರೆ ಎಂದು ನನ್ನ ಮುಖದ ಮೇಲೇ ಹೇಳಿದ. ಹಿರಿಯರ ಹತ್ತಿರವೂ ಹೋಗಿ, ವ್ಯಾಪಾರ ಬಾಗಿಲಿಗೆ ಬಂದರೂ ಅಟ್ಟಿದಳು ಎಂದು ಕಿವಿ ಊದಿದ್ದ. ಬೀಗದ ಕೈ ಇವತ್ತು ಹೋಗುತ್ತದೋ ನಾಳೆ ಹೋಗುತ್ತದೋ ಎಂಬ ಸ್ಥಿತಿ ಬಂತು.

ನವರಾತ್ರಿ ಮುಗಿದ ಮಾರನೆಯ ವಾರ ಬೊಂಬೆಯ ಪೆಟ್ಟಿಗೆಗಳು ರೈಲಿನಲ್ಲಿ ವಾಪಸು ಬಂದವು. ಹಿಂದೆಯೇ ಏಜೆಂಟ್ ಬಂದ. ಉಸ್ತಾದರ ಅಂಗಳದಲ್ಲಿ ಪೆಟ್ಟಿಗೆ ಒಡೆಸಿ, ಕೇರಿಯನ್ನೆಲ್ಲ ಕರೆದು ಪಂಚಾಯಿತಿ ಮಾಡುತ್ತಿದ್ದಾನೆ ಎಂದು ಸುದ್ದಿ ಬಂತು. ನಮ್ಮ ಮನೆತನದ ಹೆಂಗಸರು ಆ ಕೇರಿಗೆ ಕಾಲಿಟ್ಟದ್ದಿಲ್ಲ. ನಾನು ಸೆರಗು ಹೊದ್ದು ಹೊರಟೆ. ದಾರಿಯಲ್ಲಿ ನನ್ನ ಕಾಲು ಎರಡು ಸಲ ನಿಂತಿತು, ಸುಳ್ಳು ಯಾಕೆ ಹೇಳಲಿ.

ಅಂಗಳದ ತುಂಬ ರಾಜ ರಾಣಿಯರು ಬಿದ್ದಿದ್ದರು. ರಾಜನ ಪೇಟದ ಕೆಂಪು ಎದ್ದು ಬಂದಿತ್ತು, ರಾಣಿಯ ಕೆನ್ನೆ ಸುಲಿದಿತ್ತು, ಮುಟ್ಟಿದರೆ ಬಣ್ಣ ಕೈಗೆ ಬರುತ್ತಿತ್ತು. ಏಜೆಂಟ್ ಒಂದೊಂದನ್ನೇ ಎತ್ತಿ ತೋರಿಸಿ ನೆಲಕ್ಕೆ ಎಸೆಯುತ್ತಿದ್ದ. ಮುಂಚೆಯೂ ಈ ಮನುಷ್ಯ ಅರಗಿಗೆ ರಾಳ ಬೆರೆಸಿದ್ದನಂತೆ, ಗೊತ್ತಿದ್ದೂ ನಂಬಿ ಕೆಟ್ಟೆ, ಇನ್ನು ಬೆಂಗಳೂರು ಮೈಸೂರುಗಳಲ್ಲಿ ಯಾರೂ ಇವನ ಕೈಯ ಸಾಮಾನು ಮುಟ್ಟದ ಹಾಗೆ ಮಾಡುತ್ತೇನೆ ಎನ್ನುತ್ತಿದ್ದ. ಉಸ್ತಾದರು ಒಂದೇ ಒಂದು ಸಲ, ಮರ ಹಸಿ ಇತ್ತು ಎಂದು ಅವತ್ತೇ ಹೇಳಿದ್ದೆನಲ್ಲ ಎಂದರು. ಕುಣಿಯಲಾರದವರು ಅಂಗಳ ಡೊಂಕು ಅಂದರಂತೆ ಎಂದು ಏಜೆಂಟ್ ಬಾಯಿ ಮುಚ್ಚಿಸಿದ. ಉಳಿದ ಕೆಲಸಗಾರರು ತಲೆ ತಗ್ಗಿಸಿ ನಿಂತಿದ್ದರು. ನನ್ನ ಮೈದುನ ಏಜೆಂಟನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

ನಾನು ಒಂದು ರಾಣಿಯನ್ನು ಎತ್ತಿಕೊಂಡೆ. ಪಕ್ಕದಲ್ಲಿ ನಿಂತವನ ಕೈಯಿಂದ ಮಚ್ಚು ಇಸಿದುಕೊಂಡು, ನೆಲಕ್ಕಿಟ್ಟು, ತಲೆಯ ಮೇಲೆ ಒಂದೇ ಏಟು ಹಾಕಿದೆ. ಬೊಂಬೆ ಎರಡು ಹೋಳಾಯಿತು. ಒಳಗೆ ಬಿಳಿ ಇರಬೇಕಾದ ಮರ ನೀಲಿ ಬೂದಿ ಬಣ್ಣಕ್ಕೆ ತಿರುಗಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಹೋಳುಗಳನ್ನು ಏಜೆಂಟನ ಕಾಲ ಬಳಿ ಇಟ್ಟು, ಇದು ಹಾಲು ಇಂಗದ ಮರ, ಇದನ್ನು ತಂದು ಹಾಕಿದವರು ನೀವು, ಅರಗಿನಲ್ಲಿ ಏನೂ ದೋಷವಿಲ್ಲ ಎಂದೆ.

ಏಜೆಂಟ್ ಹೋಳುಗಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಆಮೇಲೆ ಹುಬ್ಬು ಏರಿಸಿ, ಮರದ ಬಣ್ಣ ಒಂದೊಂದು ಸೀಮೆಯಲ್ಲಿ ಒಂದೊಂದು ಥರ, ನಿಮ್ಮ ಮರ ಮಾರಾಟವಾಗಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೀರಿ, ಹಸಿ ಮರದಿಂದಲೇ ಬಣ್ಣ ಸುಲಿಯುತ್ತದೆ ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದ. ಕೇರಿಯೆಲ್ಲ ನನ್ನ ಕಡೆ ತಿರುಗಿತು. ಮೈದುನ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಹೇಗೆ ಗೊತ್ತು ಎಂಬುದಕ್ಕೆ ಇದ್ದದ್ದು ಒಂದೇ ಉತ್ತರ, ಅದನ್ನು ಹೇಳಿದರೆ ಡಿಪೋ ಹೋಯಿತು, ಗುಡ್ಡ ಹೋಯಿತು. ಹೇಳದಿದ್ದರೆ ಎದುರಿಗೆ ನಿಂತ ಈ ಮುದುಕನ ಕೈಗೆ ಎರಡನೆಯ ಸಲ, ಕೊನೆಯ ಸಲ ಕೆಟ್ಟ ಹೆಸರು. ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ನನಗೂ ಸಾಕಾಗಿತ್ತು.

"ಯಾಕಂದ್ರೆ ನಾನೇ ಮಾರಿದ್ದೆ," ಎಂದೆ. "ಮೂರು ವರ್ಷದ ಹಿಂದೆ ಇವರ ಬೊಂಬೆ ಸುಲಿದಿದ್ದು ನನ್ ಮರದಿಂದ. ಆಷಾಢದಾಗೆ ಕಡಿಸಿದ್ದೆ. ರಾಳ ಬೆರ್ಸಿದ್ರು ಅಂತ ಊರೆಲ್ಲ ಆಡ್ಕಂಡಾಗ ಬಾಯಿ ಮುಚ್ಕಂಡಿದ್ದೆ. ಇವರ ಕೈ ಯಾವತ್ತೂ ಮೋಸ ಮಾಡಿಲ್ಲ, ಮಾಡಿದೋಳು ನಾನು."

 ಯಾರೋ ಹೆಂಗಸು ಒಳಗಿನಿಂದ ನನ್ನನ್ನು ಶಪಿಸಿದ್ದು ಕೇಳಿಸಿತು. ಶಪಿಸಲಿ, ಅವಳದು ನ್ಯಾಯವೇ.

ಮೈದುನ ಎದ್ದು ನಿಂತ. ನಾಲ್ಕು ಜನರ ಎದುರಿಗೆ ತಾನೇ ಬಾಯಿಬಿಟ್ಟು ಹೇಳಿದ್ದಾಳೆ, ಡಿಪೋ ಹೆಸರು ಕೆಡಿಸಿದವಳು ಇವಳೇ, ಹಿರಿಯರ ಮಾತಿನಂತೆ ಬೀಗದ ಕೈ ಇಲ್ಲಿ ಇಡಲಿ ಎಂದ. ಅವನ ಕೈ ಮುಂದೆ ಚಾಚಿತ್ತು. ಸೊಂಟದಿಂದ ಬೀಗದ ಕೈ ತೆಗೆದೆ. ಅವನ ಕೈಗೆ ಕೊಡಲು ಮನಸ್ಸು ಬರಲಿಲ್ಲ. ನೆಲದ ಮೇಲೆ, ಸುಲಿದ ಬೊಂಬೆಗಳ ನಡುವೆ ಎಸೆದೆ. ಬೇಕಾದರೆ ಬಗ್ಗಿ ತೆಗೆದುಕೊಳ್ಳಲಿ ಎಂದು.

ಅವನು ಬಗ್ಗುವ ಮುಂಚೆ ಉಸ್ತಾದರು ಬೀಗದ ಕೈಯ ಮುಂದೆ ಬಂದು ನಿಂತರು. ಅವರು ಗಟ್ಟಿಯಾಗಿ ಮಾತಾಡುವವರಲ್ಲ, ಅವತ್ತೂ ಆಡಲಿಲ್ಲ.

"ತಗಳಿ ಸ್ವಾಮಿ," ಎಂದರು. "ಆದ್ರೆ ನಿಮ್ ಮರ ಕೊಳ್ಳೋರು ಯಾರು? ಈ ಅಮ್ಮ ಒಂದು ಮೂಲೆ ಹಾಳ್ ಮಾಡಿ ಹಾಲು ಅಂದ್ರೇನು ಅಂತ ಕಲ್ತವ್ರೆ. ನೀವು ಕಲಿಯಾಕೆ ಎಷ್ಟು ಗುಡ್ಡ ಬೇಕು?"

 ಉಸ್ತಾದರ ತಮ್ಮ ಮುಂದೆ ಬಂದು ಅವರ ಪಕ್ಕದಲ್ಲಿ ನಿಂತ. ಆಮೇಲೆ ಅಳಿಯ. ಆಮೇಲೆ ಉಳಿದ ಕೆಲಸಗಾರರು, ಒಬ್ಬೊಬ್ಬರಾಗಿ. ನನ್ನ ಮೇಲೆ ಅವರಿಗೆ ಪ್ರೀತಿ ಉಕ್ಕಿ ಬಂದಿತ್ತು ಎಂದಲ್ಲ. ಅವರಲ್ಲಿ ಕೆಲವರು ಆಮೇಲೂ ಎಷ್ಟೋ ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆದರೆ ಗುಡ್ಡ ನೇರಳೆ ತೋಟವಾದರೆ ಬರುವ ವರ್ಷ ತಮ್ಮ ತಿರುಗಣೆಗೆ ಏನು ಸಿಕ್ಕಿಸಬೇಕು ಎಂಬುದು ಆ ಅಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು. ಕನಕಪುರದ ಇಳಿಜಾರು ಆಗಲೇ ಮುಗಿದಿತ್ತು.

ಮೈದುನ ಬೀಗದ ಕೈ ನೋಡಿದ, ಅವರನ್ನು ನೋಡಿದ, ಏಜೆಂಟನ ಮುಖ ನೋಡಿದ. ಏಜೆಂಟ್ ಛತ್ರಿ ಹುಡುಕುತ್ತಿದ್ದ. ಕೊಳ್ಳುವವರಿಲ್ಲದ ಡಿಪೋದ ಬೀಗದ ಕೈ ಯಾರಿಗೆ ಬೇಕು? ಇಬ್ಬರೂ ಸಂಜೆಯ ರೈಲಿಗೆ ಮುಂಚೆಯೇ ಸ್ಟೇಷನ್ ಕಡೆ ನಡೆದರು. ಹಿರಿಯರ ಹತ್ತಿರ ಅವನು ಮತ್ತೆ ಹೋದನಂತೆ. ಕೇರಿಯವರೆಲ್ಲ ಒಂದೇ ಮಾತು ಹೇಳಿದ್ದರಿಂದ ಅವರು ಅವನನ್ನು ಕೂರಿಸಿ ಬುದ್ಧಿ ಹೇಳಿ ಕಳಿಸಿದರು.

ಜನ ಚದುರಿದ ಮೇಲೆ ನಾನು ಉಸ್ತಾದರ ಎದುರು ನಿಂತೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಗೊತ್ತಿತ್ತು ಅಮ್ಮಾ. ಅವತ್ತು ಮರಕ್ಕೆ ಉಳಿ ಇಟ್ಟ ಕೂಡ್ಲೇ ಗೊತ್ತಾಯ್ತು. ಬೇರೆ ಮರ ಇರ್ಲಿಲ್ಲ, ಮಾಡ್ದೆ."

ನನಗೆ ಕೈ ಮುಗಿಯಬೇಕು ಅನ್ನಿಸಲಿಲ್ಲ. ಅಳುವೂ ಬರಲಿಲ್ಲ. ಮೈಯೆಲ್ಲ ಉರಿಯುವಂಥ ಸಿಟ್ಟು ಬಂತು. ಗೊತ್ತಿದ್ದೂ ಮೂರು ವರ್ಷ ಯಾಕೆ ಸುಮ್ಮನಿದ್ದಿರಿ, ನನ್ನನ್ನು ಏನೆಂದುಕೊಂಡಿರಿ, ಹೆಂಗಸು ಪಾಪ ಎಂದು ಭಿಕ್ಷೆ ಹಾಕಿದಿರಾ, ಅಂಗಡಿ ಅಂಗಡಿಯಲ್ಲೂ ನಿಮ್ಮ ಹೆಸರು ಹೋಯಿತಲ್ಲ ಎಂದು ಅವರ ಮನೆ ಅಂಗಳದಲ್ಲೇ ನಿಂತು ಅವರನ್ನೇ ಗದರಿಸಿದೆ. ತಪ್ಪು ಮಾಡಿದವಳು ನಾನು, ಗದರಿಸುತ್ತಿರುವವಳೂ ನಾನು. ಅವರ ಹೆಂಡತಿ ಬಾಗಿಲ ಸಂದಿಯಿಂದ ಬೆರಗಾಗಿ ನೋಡುತ್ತಿದ್ದರು.

ಉಸ್ತಾದರು ಬಗ್ಗಿ, ಬೊಂಬೆಗಳ ನಡುವಿನಿಂದ ಬೀಗದ ಕೈ ಎತ್ತಿ, ಅದಕ್ಕೆ ಅಂಟಿದ್ದ ಕೆಂಪು ಬಣ್ಣವನ್ನು ಪಂಚೆಯಲ್ಲಿ ಒರೆಸಿ ನನ್ನ ಮುಂದೆ ಹಿಡಿದರು.

"ಹೆಸ್ರು ನಂದು ಅಮ್ಮಾ, ಕೈ ಗಟ್ಟಿ ಐತೆ, ಮತ್ತೆ ಮಾಡ್ಕತೀನಿ," ಎಂದರು. "ಗುಡ್ಡ ಮಾಡಾಕೆ ನನ್ ಕೈಲಿ ಆಯ್ತದಾ?"